ಅವ್ವ ಕಚೇರಿ ಕೇಳಿದ್ದು

ನಲವತ್ತು ದಾಟಿದ ಮೇಲೆ ನಾನು ಪಿಎಚ್.ಡಿ.ಗೆ ಸೇರಿದೆ. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ನಮ್ಮ ಯಜಮಾನರು, ಬೆಳಗಿನ ತಿಂಡಿಗೆ ತೊಂದರೆಯಾಗದಿದ್ದರೆ ಏನು ಬೇಕಾದರೂ ಓದಿಕೋ ಎಂದರು. ಮಗಳು ಹಾಸ್ಟೆಲಿನಲ್ಲಿದ್ದಳು. ಹಾಗಾಗಿ ನಂಜನಗೂಡಿನಲ್ಲಿ ಬೆಳಗಿನ ರೈಲು ಹತ್ತಿ, ತಾಂಡವಪುರದಲ್ಲಿ ನುಗ್ಗುವ ಕಾಲೇಜು ಹುಡುಗಿಯರ ನಡುವೆ ಬ್ಯಾಗು ತಬ್ಬಿಕೊಂಡು ನಿಂತು, ನಾನೂ ಒಬ್ಬ ವಿದ್ಯಾರ್ಥಿನಿ ಎಂಬ ಮುಖ ಮಾಡಿಕೊಂಡು ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಹೋಗಿ ಬರತೊಡಗಿದೆ.

ನನ್ನ ಗೈಡ್ ಮೇಡಂ ನನಗಿಂತ ಮೂರು ವರ್ಷಕ್ಕೆ ಚಿಕ್ಕವರು. ಆದರೂ ಅವರನ್ನು ಕಂಡರೆ ನನಗೆ ಭಯವಿತ್ತು. ಯಾವುದಾದರೂ ರಾಗದ ಲಕ್ಷಣದ ಬಗ್ಗೆ ಬರೆದು ಮುಗಿಸಬಹುದು ಎಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಅವರು ನನ್ನ ಕಾಗದಗಳನ್ನು ಓದಿ, ಮಡಿಸಿ, ವಾಪಸ್ಸು ಕೊಟ್ಟರು. ರಾಗದ ಮೇಲೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಕಚೇರಿ ಕೇಳುವವರನ್ನು ಕೂತು ನೋಡಿದವರು ಕಡಿಮೆ, ನೀವು ಅದನ್ನು ಮಾಡಿ ಎಂದರು. ಹಾಡುವವರಿಗೆ ಬೆನ್ನು ತಿರುಗಿಸಿ ಕೂರಬೇಕು, ಅಷ್ಟೇ ಕಷ್ಟ ಎಂದೂ ಸೇರಿಸಿದರು.

ವಿಭಾಗದಲ್ಲಿ ತಿಂಗಳಿಗೊಂದು ಶನಿವಾರ ಸಂಜೆ ಐದಕ್ಕೆ ಕಚೇರಿ ನಡೆಯುತ್ತಿತ್ತು. ಸಭಾಂಗಣದ ಮಗ್ಗುಲಲ್ಲಿ ಕಂಬದ ಪಕ್ಕ ನನಗೊಂದು ಪ್ಲಾಸ್ಟಿಕ್ ಕುರ್ಚಿ. ಅಲ್ಲಿ ಕೂತರೆ ಎಲ್ಲರ ಮುಖವೂ ಕಾಣುತ್ತಿತ್ತು. ನೋಟ್ ಬುಕ್ಕಿನಲ್ಲಿ ಬೇಗ ಬರೆದುಕೊಳ್ಳಲು ಗುರುತುಗಳನ್ನು ಮಾಡಿಕೊಂಡಿದ್ದೆ. ತಲೆದೂಗಿದರೆ ‘ತ’, ತೊಡೆಯ ಮೇಲೆ ತಾಳ ಹಾಕಿದರೆ ‘ತೊ’, ಮೊಬೈಲ್ ನೋಡಿದರೆ ‘ಮೊ’, ನಿದ್ದೆ ಹೋದರೆ ‘ನಿ’. ನಿದ್ದೆಯ ವಿಷಯದಲ್ಲಿ ಮಾತ್ರ ನನಗೆ ಗೊಂದಲವಾಗುತ್ತಿತ್ತು. ಎರಡನೇ ಸಾಲಿನ ಹಿರಿಯರೊಬ್ಬರು ಆಲಾಪನೆ ಶುರುವಾದ ಕೂಡಲೇ ಕಣ್ಣು ಮುಚ್ಚಿದರೆ ಮಂಗಳಕ್ಕೇ ತೆರೆಯುತ್ತಿದ್ದುದು. ಅದು ತನ್ಮಯತೆಯೋ ನಿದ್ದೆಯೋ ಹೇಗೆ ತೀರ್ಮಾನಿಸುವುದು ಎಂದು ಮೇಡಂ ಅವರನ್ನು ಕೇಳಿದೆ. ಅವರು ಸ್ವಲ್ಪವೂ ನಗದೆ, ಬಾಯಿ ತೆರೆದಿದ್ದರೆ ನಿದ್ದೆ ಎಂದು ಬರೆದುಕೊಳ್ಳಿ ಎಂದರು.

ನಮ್ಮ ವಿದ್ಯಾರ್ಥಿಗಳು ಬಾಗಿಲ ಹತ್ತಿರದ ಸಾಲುಗಳಲ್ಲಿ ಕೂರುತ್ತಿದ್ದರು. ಹಾಜರಿ ಪುಸ್ತಕಕ್ಕೆ ಸಹಿ ಬಿದ್ದ ಮೇಲೆ ಒಬ್ಬೊಬ್ಬರಿಗೇ ಬಾಯಾರಿಕೆಯಾಗುತ್ತಿತ್ತು. ಇನ್ನು ಮೃದಂಗದವರ ತನಿ ಆವರ್ತನ, ಅಂದರೆ ಹಾಡು ನಿಂತು ಮೃದಂಗ ಒಂದೇ ನುಡಿಯುವ ಭಾಗ, ಶುರುವಾಯಿತೆಂದರೆ ಸಭಾಂಗಣದಲ್ಲಿ ಅರ್ಧಕ್ಕರ್ಧ ಜನ ಏಳುತ್ತಿದ್ದರು. ಕಾಫಿಗೆ ಅದೇ ಹೊತ್ತು ಎಂದು ಯಾರು ಯಾವಾಗ ಗೊತ್ತು ಮಾಡಿದರೋ ತಿಳಿಯದು. ಪಾಪ, ಮೃದಂಗದವರು ಏಳುತ್ತಿರುವ ಬೆನ್ನುಗಳನ್ನು ನೋಡಿಕೊಂಡೇ ನುಡಿಸುತ್ತಿದ್ದರು. ಮೇಡಂ ಒಂದು ಉಪಾಯ ಮಾಡಿ ಹಾಜರಿ ಪುಸ್ತಕವನ್ನು ತನಿ ಮುಗಿದ ಮೇಲೆ ತರಿಸತೊಡಗಿದರು. ಆಮೇಲೆ ವಿದ್ಯಾರ್ಥಿಗಳು ತನಿಯನ್ನು ಪೂರ್ತಿ ಹೊರಗೆ ಕಳೆದು, ಕೊನೆಯ ಮುಕ್ತಾಯಕ್ಕೆ ಸರಿಯಾಗಿ ಒಳಗೆ ಬರುವಷ್ಟು ಲಯಜ್ಞಾನ ಸಂಪಾದಿಸಿದರು.

ಎಲ್ಲರಿಗಿಂತ ಹೆಚ್ಚು ಪುಟ ತಿಂದವರು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರುವ ನಿವೃತ್ತ ಶಿರಸ್ತೇದಾರರು. ನಮ್ಮ ನಂಜನಗೂಡಿನವರೇ. ಅಂಗಿ ಜೇಬಿನಲ್ಲಿ ಚಿಕ್ಕ ಡೈರಿ, ಪೆನ್ಸಿಲ್ಲು, ರಬ್ಬರು. ರಾಗದ ಹೆಸರನ್ನು ಗಾಯಕರು ಎರಡು ಸ್ವರ ಹಾಡುವಷ್ಟರಲ್ಲಿ ಬರೆದುಕೊಳ್ಳುತ್ತಿದ್ದರು. ನಾಲ್ಕನೆಯ ಸ್ವರದ ಹೊತ್ತಿಗೆ ರಬ್ಬರು ಹೊರಗೆ ಬರುತ್ತಿತ್ತು. ಅವರ “ಆಹಾ” ಇಡೀ ವಿಭಾಗಕ್ಕೆ ಪರಿಚಿತ. ಗಾಯಕರು ಸಂಗತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿಕೊಂಡು ಹೋಗಿ ಮೇಲಿನ ಷಡ್ಜ ಮುಟ್ಟುವ ಮೊದಲೇ ಇವರು ಆಹಾ ಎಂದು ಅಲ್ಲಿ ಮುಟ್ಟಿ ಕೂತಿರುತ್ತಿದ್ದರು. ಎಷ್ಟೋ ಗಾಯಕರು ಬೇರೆ ಕಡೆ ಇಳಿಯಬೇಕೆಂದಿದ್ದವರು ಅವರ ದಾಕ್ಷಿಣ್ಯಕ್ಕೆ ಮೇಲೆ ಹತ್ತಿದ್ದನ್ನು ನಾನು ಕಂಡಿದ್ದೇನೆ.

ಒಂದು ವರ್ಷ ಹೀಗೆ ಬರೆದುಕೊಂಡೆ. ಮೇಡಂ ಎಲ್ಲವನ್ನೂ ಓದಿ, ಇವೆಲ್ಲ ಕಲಿತು ಬಂದ ಪ್ರತಿಕ್ರಿಯೆಗಳು, ಯಾವ ಜಾಗದಲ್ಲಿ ತಲೆದೂಗಬೇಕೆಂದು ಇವರಿಗೆ ಮೊದಲೇ ಗೊತ್ತು, ಕಚೇರಿಯನ್ನೇ ಕೇಳದವರನ್ನು ಒಬ್ಬರನ್ನು ಕರೆತನ್ನಿ ಎಂದರು. ನನಗೆ ಥಟ್ಟನೆ ನೆನಪಾದದ್ದು ಅವ್ವ.

ನಮ್ಮೂರು ಹೆಮ್ಮಿಗೆ. ಟಿ. ನರಸೀಪುರದ ಶಾಲೆಯಲ್ಲಿ ನನಗೆ ಪಾಠ ಹೇಳುತ್ತಿದ್ದ ಟೀಚರೊಬ್ಬರು ಸಂಜೆ ಹೊತ್ತು ಸಂಗೀತ ಹೇಳಿಕೊಡುತ್ತಿದ್ದರು. ನನ್ನ ಗಂಟಲು ಚೆನ್ನಾಗಿದೆ ಎಂದು ಅವರೇ ಮನೆಗೆ ಬಂದು ಅಪ್ಪನನ್ನು ಒಪ್ಪಿಸಿದ್ದರು. ಹಾಗಾಗಿ ಅವ್ವ ನನ್ನ ಸರಳೆ ವರಸೆಗಳನ್ನು ವರ್ಷಗಟ್ಟಲೆ ಕೊಟ್ಟಿಗೆಯಿಂದಲೇ ಕೇಳಿದ್ದಳು. ಆದರೆ ಕಚೇರಿ ಅಂತ ಒಂದನ್ನೂ ಕೇಳಿರಲಿಲ್ಲ, ನನ್ನದನ್ನೂ ಕೇಳಿರಲಿಲ್ಲ. ಅದಕ್ಕೆ ಕಾರಣ ಬೇರೇನೂ ಅಲ್ಲ. ಕಚೇರಿ ಶುರುವಾಗುವ ಹೊತ್ತೂ ಹಾಲು ಕರೆಯುವ ಹೊತ್ತೂ ಒಂದೇ. ಹಸು ಯಾರಿಗೋಸ್ಕರವೂ ಕಾಯುವುದಿಲ್ಲ ಎಂದು ಅವಳ ಮಾತು. ಆ ವರ್ಷ ಹಸು ಗಬ್ಬವಾಗಿ ಹಾಲು ಬತ್ತಿತ್ತು. ಬಾ ಎಂದು ಫೋನು ಮಾಡಿದೆ. ಒಂದು ಮೂಟೆ ಅಕ್ಕಿ ಹೊತ್ತುಕೊಂಡು ಬಸ್ಸಿನಲ್ಲಿ ನಂಜನಗೂಡಿಗೆ ಬಂದಳು.

ಕಚೇರಿಯ ದಿನ ರೇಷ್ಮೆ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಹೊರಟಳು. ಕುಂಕುಮ ಹೂವು ಎಲ್ಲಿ ಕೊಡುತ್ತಾರೆ ಎಂದು ಕೇಳಿದಳು. ಅವಳ ಪ್ರಕಾರ ಮೃದಂಗ ಬಾರಿಸುವಲ್ಲಿ ಮದುವೆ ಇರಲೇಬೇಕು. ಸಭಾಂಗಣದಲ್ಲಿ ಅವಳನ್ನು ಮೂರನೇ ಸಾಲಿನಲ್ಲಿ ಕೂರಿಸಿ ನಾನು ಕಂಬದ ಪಕ್ಕಕ್ಕೆ ಹೋದೆ. ಅಂದು ಹಾಡಿದವರು ಹೊರಗಿನಿಂದ ಬಂದಿದ್ದ ಹಿರಿಯ ವಿದ್ವಾಂಸರು. ಎಪ್ಪತ್ತು ದಾಟಿದ ಬಡಕಲು ಮೈ, ಆದರೆ ಕಂಠ ಮಾತ್ರ ಗಟ್ಟಿ. ಮೊದಲ ಅರ್ಧ ಗಂಟೆ ಅವ್ವ ಕೈಕಟ್ಟಿ ಕೂತು, ಹಾಡುವವರ ಕಡೆಗಿಂತ ಅಕ್ಕಪಕ್ಕದವರ ಕಡೆ ನೋಡುತ್ತಿದ್ದಳು. ಪಕ್ಕದ ಹೆಂಗಸಿನ ತಾಳದ ಲೆಕ್ಕ ನೋಡಿ, ಆಕೆ ಏನನ್ನೋ ಎಣಿಸುತ್ತಿದ್ದಾಳೆ ಎಂದುಕೊಂಡಳಂತೆ. ಎಣಿಕೆ ತಪ್ಪದಿರಲಿ ಎಂದು ಮಾತಾಡಿಸಲಿಲ್ಲವಂತೆ.

ಆಮೇಲೆ ವಿದ್ವಾಂಸರು ದೊಡ್ಡ ಕೃತಿಯೊಂದನ್ನು ಎತ್ತಿಕೊಂಡು ಅದರ ನಡುವಿನ ಒಂದು ಸಾಲಿನಲ್ಲಿ ನೆರವಲ್ ಶುರು ಮಾಡಿದರು. ನೆರವಲ್ ಎಂದರೆ ಒಂದೇ ಸಾಲನ್ನು ಹಿಡಿದು, ಮಾತು ಬದಲಿಸದೆ, ರಾಗದ ದಾರಿಯನ್ನಷ್ಟೇ ಬದಲಿಸಿ ಮತ್ತೆ ಮತ್ತೆ ಹಾಡುವುದು. ಅದೃಷ್ಟಕ್ಕೋ ದುರದೃಷ್ಟಕ್ಕೋ ಅದು ಕನ್ನಡದ ಕೃತಿ. ದೇವರೇ, ಯಾಕೆ ಇನ್ನೂ ಬರಲಿಲ್ಲ ಎಂದು ಕೇಳುವ ಸಾಲು. ಒಂದು ಸಲ ಕೇಳಿದರು, ಎರಡು ಸಲ ಕೇಳಿದರು. ಕೆಳಗಿಳಿದು ಕೇಳಿದರು, ಮೇಲೆ ಹೋಗಿ ಕೇಳಿದರು. ಶಿರಸ್ತೇದಾರರು ಪ್ರತಿ ಸಲವೂ ಮುಂಚಿತವಾಗಿ ಆಹಾ ಎಂದರು. ಅವ್ವ ಈಗ ಅಕ್ಕಪಕ್ಕ ನೋಡುವುದನ್ನು ಬಿಟ್ಟಿದ್ದಳು. ಕೈ ಬಿಡಿಸಿಕೊಂಡು ಮುಂದಿನ ಕುರ್ಚಿಯ ಬೆನ್ನು ಹಿಡಿದಿದ್ದಳು. ನಾನು ನೋಟ್ ಬುಕ್ಕಿನಲ್ಲಿ ಏನು ಗುರುತು ಹಾಕಬೇಕೆಂದು ಯೋಚಿಸುತ್ತಿದ್ದೆ. ವಿದ್ವಾಂಸರು ಇನ್ನೂ ಒಂದು ಸಲ, ತೀರ ಸಣ್ಣ ದನಿಯಲ್ಲಿ, ಯಾಕೆ ಬರಲಿಲ್ಲ ಎಂದು ಕೇಳಿ ಒಂದು ಗಳಿಗೆ ನಿಲ್ಲಿಸಿದರು. ಪಿಟೀಲಿನವರು ಕಮಾನು ಎತ್ತಿಕೊಳ್ಳುವ ಮೊದಲು ಅವ್ವನ ದನಿ ಕೇಳಿಸಿತು.

“ಬತ್ತಾನೆ ತಾಳಪ್ಪ. ಅಷ್ಟ್ಯಾಕ್ ಸಂಕ್ಟ ಪಟ್ಕತೀಯ.”

ಸಭಾಂಗಣ ಪೂರ್ತಿ ಅವಳ ಕಡೆ ತಿರುಗಿ ನೋಡಿತು. ಬಾಗಿಲ ಬಳಿಯ ವಿದ್ಯಾರ್ಥಿಗಳು ನಗು ತಡೆಯಲಾರದೆ ಹೊರಗೋಡಿದರು. ಶಿರಸ್ತೇದಾರರು ಪೆನ್ಸಿಲ್ ಕೆಳಗಿಟ್ಟು, ಕಚೇರಿಯಲ್ಲಿ ಇಂಥದ್ದನ್ನೂ ನೋಡಬೇಕಾಯಿತಲ್ಲ ಎಂಬಂತೆ ಮೇಡಂ ಕಡೆ ತಿರುಗಿದರು. ನಾನು ನೋಟ್ ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಅವ್ವನಿಗೆ ಮಾತ್ರ ತಾನು ಏನು ಮಾಡಿದೆನೆಂದೇ ಗೊತ್ತಿರಲಿಲ್ಲ. ಒಬ್ಬ ಮುದುಕಪ್ಪ ಅಷ್ಟು ಹೊತ್ತಿನಿಂದ ಅಳುವ ದನಿಯಲ್ಲಿ ಒಂದೇ ಮಾತು ಕೇಳುತ್ತಿದ್ದಾನೆ, ಇಷ್ಟು ಜನ ಕೂತಿದ್ದಾರೆ, ಒಬ್ಬರೂ ಒಂದು ಸಮಾಧಾನದ ಮಾತು ಹೇಳುವುದಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತ್ತು. ವಿದ್ವಾಂಸರು ಕತ್ತೆತ್ತಿ ಅವಳು ಕೂತ ಕಡೆ ನೋಡಿದರು. ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ. ಮುಂದಿನ ಸಲ ಆ ಸಾಲು ಹಾಡಿದಾಗ ಕೆಳಗಿನ ಷಡ್ಜಕ್ಕೆ ಬಂದು, ಅಲ್ಲೇ ಸುಮ್ಮನೆ ನಿಂತರು.

ಕಚೇರಿ ಮುಗಿದ ಮೇಲೆ ಉಪ್ಪಿಟ್ಟು, ಕಾಫಿ. ನಾನು ಅವ್ವನನ್ನು ಹಿಂಬಾಗಿಲಿನಿಂದ ಸಾಗಿಸುವ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ವಿದ್ವಾಂಸರೇ ತಟ್ಟೆ ಹಿಡಿದುಕೊಂಡು ಅವಳ ಹತ್ತಿರ ಬಂದು ಕೂತರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಸನ್ನೆಯಲ್ಲೇ ನನ್ನನ್ನು ಸುಮ್ಮನಾಗಿಸಿ, ಯಾವ ಊರು, ಎಷ್ಟು ಹಸು ಎಂದೆಲ್ಲ ಅವಳನ್ನು ವಿಚಾರಿಸಿದರು. ಅವ್ವ ಎಲ್ಲದಕ್ಕೂ ಉತ್ತರ ಕೊಟ್ಟು, ಕೊನೆಗೆ ತಾನೂ ಒಂದು ಕೇಳಿದಳು.

“ಕೊನೇಗಾದ್ರೂ ಬಂದ್ನಾ ಅವ್ನು?”

ವಿದ್ವಾಂಸರು ಉಪ್ಪಿಟ್ಟಿನ ಚಮಚ ತಟ್ಟೆಯಲ್ಲಿಟ್ಟರು. “ನಲವತ್ತು ವರ್ಷದಿಂದ ಕೇಳ್ತಾ ಇದೀನಿ ತಾಯಿ,” ಎಂದರು. “ಇನ್ನೂ ಬಂದಿಲ್ಲ.”

ಅವ್ವ ತನ್ನ ತಟ್ಟೆಯಲ್ಲಿದ್ದ ಗೋಡಂಬಿಯನ್ನು ಆರಿಸಿ ಅವರ ತಟ್ಟೆಗೆ ಹಾಕಿದಳು. ಅವರು ಅದನ್ನು ತಿಂದರು.

ಇದನ್ನೆಲ್ಲ ನಾನು ಈಗ ಇಷ್ಟು ಸಮಾಧಾನವಾಗಿ ಬರೆಯುತ್ತಿದ್ದೇನೆ. ಅಂದು ನನಗೆ ಬರೀ ನಾಚಿಕೆಯಾಗಿತ್ತು. ಊರಿನ ಗೌಡರ ಮನೆಯ ಹುಡುಗಿ ಶಾಸ್ತ್ರೀಯ ಸಂಗೀತದವರ ನಡುವೆ ಕೂತು ಅವರಂತೆಯೇ ಆಗಲು ಇಪ್ಪತ್ತೈದು ವರ್ಷ ತೆಗೆದುಕೊಂಡಿದ್ದೆ. ಅವ್ವ ಅದನ್ನು ಒಂದೇ ಮಾತಿನಲ್ಲಿ ಬಿಚ್ಚಿ ಹರವಿದಳು ಅನ್ನಿಸಿತ್ತು. ವಾಪಸ್ಸು ಬರುವಾಗ ರೈಲಿನಲ್ಲಿ ಅವಳಿಗೆ ಕಚೇರಿ ಕೇಳುವ ರೀತಿ ನೀತಿ ಹೇಳಿಕೊಟ್ಟೆ. ಮಾತಾಡಬಾರದು. ನಡುವೆ ಏಳಬಾರದು. ಕೆಮ್ಮು ಬಂದರೆ ತಡೆದುಕೊಳ್ಳಬೇಕು. ಹಾಡು ಪೂರ್ತಿ ಮುಗಿದ ಮೇಲೆ ಚಪ್ಪಾಳೆ ತಟ್ಟಬೇಕು. ಹಾಡುವವರು ಏನೇ ಕೇಳಿದರೂ ಅದು ನಮ್ಮನ್ನು ಕೇಳುವುದಲ್ಲ. ಅವ್ವ ಹಸು ಕೊಳ್ಳುವಾಗ ದಲ್ಲಾಳಿಯ ಮಾತು ಕೇಳುವಷ್ಟು ಗಮನವಿಟ್ಟು ಕೇಳಿಸಿಕೊಂಡಳು. ಮೊದಲೇ ಹೇಳಬಾರದಾಗಿತ್ತಾ ಎಂದು ಮಾತ್ರ ಅಂದಳು.

ಸೋಮವಾರ ಮೇಡಂ ನೋಟ್ ಬುಕ್ ಕೇಳಿದರು. ಆ ದಿನದ ಪುಟದಲ್ಲಿ ಶಿರಸ್ತೇದಾರರ ಆಹಾಗಳು ಇದ್ದವು, ಮೊಬೈಲುಗಳು ಇದ್ದವು, ಅವ್ವ ಮಾತ್ರ ಇರಲಿಲ್ಲ. ಅವರು ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ವರ್ಷದಲ್ಲಿ ನಿಮಗೆ ಸಿಕ್ಕಿದ್ದು ಒಂದೇ ಒಂದು ಪ್ರತಿಕ್ರಿಯೆ, ಅದನ್ನು ಬಿಟ್ಟಿದ್ದೀರಿ ಎಂದು ಹೇಳಿ ಪುಸ್ತಕ ವಾಪಸ್ಸು ಕೊಟ್ಟರು. ನಾನು ಆಗಲೂ ಬರೆಯಲಿಲ್ಲ.

ಮುಂದಿನ ವರ್ಷ ವಿಭಾಗದ ಕಚೇರಿಗಳನ್ನು ತಾಲ್ಲೂಕು ಊರುಗಳಲ್ಲೂ ನಡೆಸಬೇಕೆಂದು ಮೇಲಿನಿಂದ ಸುತ್ತೋಲೆ ಬಂತು. ಟಿ. ನರಸೀಪುರದ್ದಕ್ಕೆ ಮೇಡಂ ನನ್ನ ಹೆಸರು ಹಾಕಿಬಿಟ್ಟರು. ನಿಮ್ಮ ತಾಲ್ಲೂಕು, ನೀವೇ ಹಾಡಿ, ಅಂದು ನಾನು ಕಂಬದ ಪಕ್ಕ ಕೂರುತ್ತೇನೆ ಎಂದರು. ನಾನು ಮದುವೆಗೆ ಮುಂಚೆ ಹಾಡುತ್ತಿದ್ದೆ, ಆಮೇಲೆ ಅಲ್ಲೊಂದು ಇಲ್ಲೊಂದು. ಪೂರಾ ಎರಡು ಗಂಟೆಯ ಕಚೇರಿ ಮಾಡಿ ಎಷ್ಟೋ ಕಾಲವಾಗಿತ್ತು. ಎರಡು ತಿಂಗಳು ಅಭ್ಯಾಸ ಮಾಡಿದೆ. ಯಜಮಾನರು ರಾತ್ರಿ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುವ ವಾರಗಳಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಮಲಗಿದರು. ಅವರ ಪ್ರತಿಕ್ರಿಯೆಯನ್ನು ನಾನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಕಚೇರಿ ಮಧ್ಯಾಹ್ನ ಎರಡೂವರೆಗೆ ಎಂದು ಗೊತ್ತು ಮಾಡಿಸಿದ್ದು ಅವ್ವ. ಈಗ ಹಸು ಈದು ಹಾಲು ಕೊಡುತ್ತಿತ್ತು. ನಾಲ್ಕೂವರೆಗೆ ಬಿಟ್ಟರೆ ಹೆಮ್ಮಿಗೆಗೆ ಹೋಗಿ ಹಾಲು ಕರೆದು ಡೈರಿಗೆ ಹಾಕಬಹುದು ಎಂಬುದು ಅವಳ ಲೆಕ್ಕ. ಒಬ್ಬಳೇ ಬರುವುದಿಲ್ಲ, ಡೈರಿ ಹೆಂಗಸರನ್ನೂ ಕರೆತರುತ್ತೇನೆ ಎಂದಳು. ನಾನು ಖುಷಿಪಟ್ಟೆ. ಕುರ್ಚಿಗಳು ಖಾಲಿ ಉಳಿಯದಿದ್ದರೆ ಸಾಕಾಗಿತ್ತು.

ಸಮುದಾಯ ಭವನದ ವೇದಿಕೆ ಹತ್ತಿ ನೋಡಿದರೆ ಮೂವತ್ತಕ್ಕೂ ಹೆಚ್ಚು ಹೆಂಗಸರು, ಮೂರು ಸಾಲು ತುಂಬ, ಒಬ್ಬರಿಗೊಬ್ಬರು ತಾಕದಂತೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕೊನೆಯ ಕುರ್ಚಿಯಲ್ಲಿ, ಎಲ್ಲರೂ ಕಾಣುವಂತೆ, ಅವ್ವ. ಹಿಂದಿನ ಸಾಲುಗಳಲ್ಲಿ ಊರಿನ ಕೆಲವು ಮೇಷ್ಟರುಗಳು, ನಮ್ಮ ವಿದ್ಯಾರ್ಥಿಗಳು. ಮುಂದಿನ ಸಾಲಿನ ನಡುವೆ ಶಿರಸ್ತೇದಾರರು. ನಂಜನಗೂಡಿನಿಂದ ಬಸ್ಸು ಹಿಡಿದು ಬಂದಿದ್ದರು, ಪೆನ್ಸಿಲ್ಲು ರಬ್ಬರಿನ ಸಮೇತ.

ವರ್ಣ ಹಾಡಿದೆ. ಮುಗಿದಾಗ ಅವ್ವ ಎರಡು ಕೈಯೆತ್ತಿದಳು. ಮೂವತ್ತು ಜೊತೆ ಕೈಗಳು ಒಟ್ಟಿಗೆ ಮೂರು ಸಲ ಚಪ್ಪಾಳೆ ತಟ್ಟಿ ಒಟ್ಟಿಗೆ ನಿಂತವು. ಶಾಲೆಯ ಡ್ರಿಲ್ಲಿನ ಹಾಗೆ. ನನಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಆಮೇಲೆ ತಿಳಿದದ್ದೇನೆಂದರೆ, ಅವ್ವ ಒಂದು ವಾರ ಡೈರಿ ಸಾಲಿನಲ್ಲಿ ನಿಂತು ಅವರಿಗೆಲ್ಲ ತರಬೇತಿ ಕೊಟ್ಟಿದ್ದಳು. ರೈಲಿನಲ್ಲಿ ನಾನು ಹೇಳಿದ ಒಂದೊಂದು ಮಾತನ್ನೂ, ಸ್ವಲ್ಪ ಕಟ್ಟುನಿಟ್ಟು ಸೇರಿಸಿ. ಕೆಮ್ಮು ಇದ್ದ ಇಬ್ಬರನ್ನು ಊರಲ್ಲೇ ಬಿಟ್ಟು ಬಂದಿದ್ದಳು.

ಎರಡು ಕೃತಿ ಆದವು. ಯಾರ ತಲೆಯೂ ಅಲ್ಲಾಡಲಿಲ್ಲ. ಯಾರ ಬೆರಳೂ ಮಿಸುಕಲಿಲ್ಲ. ಒಬ್ಬಾಕೆಯ ಮೂಗಿನ ಮೇಲೆ ನೊಣ ಕೂತಿತು, ಆಕೆ ಅದನ್ನೂ ಸಹಿಸಿಕೊಂಡಳು. ಮೂವತ್ತು ಜೋಡಿ ಕಣ್ಣುಗಳು ನನ್ನನ್ನೇ ದಿಟ್ಟಿಸುತ್ತಿದ್ದವು. ಅವುಗಳಲ್ಲಿ ಹಾಡು ಹಿಡಿಸಿತೋ ಇಲ್ಲವೋ ಒಂದೂ ಗೊತ್ತಾಗುತ್ತಿರಲಿಲ್ಲ. ಕಲ್ಯಾಣಿ ರಾಗದ ಆಲಾಪನೆ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಶಿರಸ್ತೇದಾರರು ಎಂದಿನಂತೆ, ನಾನು ಇನ್ನೂ ಪಂಚಮದಲ್ಲಿರುವಾಗಲೇ ಆಹಾ ಎಂದರು. ಅವ್ವ ತನ್ನ ಕುರ್ಚಿಯಿಂದ ಎದ್ದಳು. ಸದ್ದಾಗದ ಹಾಗೆ ನಡೆದು ಅವರ ಬಳಿ ಬಂದು, ಬಗ್ಗಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಮತ್ತೆ ಹೋಗಿ ಕೂತಳು. ಮೂವತ್ತು ವರ್ಷ ಸಂಗೀತ ಕೇಳಿದ ಮನುಷ್ಯ ತೆಪ್ಪಗಾದರು.

ಆ ಆಹಾವನ್ನು ಎಷ್ಟು ಸಲ ಗೇಲಿ ಮಾಡಿ ಬರೆದಿದ್ದೆನೋ ಲೆಕ್ಕವಿಲ್ಲ. ಅದು ನಿಂತ ಮೇಲೆ ನನಗೆ ಕೈಗೋಲು ಕಿತ್ತುಕೊಂಡ ಹಾಗಾಯಿತು. ಮೇಲಿನ ಷಡ್ಜಕ್ಕೆ ಹೋಗಲೋ ಬೇಡವೋ ಎಂದು ನಿಷಾದದಲ್ಲೇ ತಡವರಿಸಿದೆ. ಪಿಟೀಲಿನವರು ಓರೆಗಣ್ಣಲ್ಲಿ ನೋಡಿದರು. ಕೃತಿ ಎತ್ತಿಕೊಂಡೆ, ಪಲ್ಲವಿ ಬಂತು, ಅನುಪಲ್ಲವಿ ಬಂತು, ಚರಣದ ಮೊದಲ ಮಾತು ಬರಲಿಲ್ಲ. ಅನುಪಲ್ಲವಿಯನ್ನೇ ಮತ್ತೊಮ್ಮೆ ಹಾಡಿದೆ. ಆಗಲೂ ಬರಲಿಲ್ಲ. ಕಂಬದ ಪಕ್ಕ ಮೇಡಂ ನೋಟ್ ಬುಕ್ಕಿನಲ್ಲಿ ಏನೋ ಗೀಚುತ್ತಿದ್ದರು. ಎರಡು ವರ್ಷ ನನ್ನ ಎದುರಿಗೆ ಹಾಡಿದವರೆಲ್ಲ ಹೀಗೆ ಜನರ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದಿರಬೇಕು, ನಾನು ಅವರ ಕಡೆ ಬೆನ್ನು ಮಾಡಿ ಕೂತಿದ್ದೆ.

ತಂಬೂರಿ ಒಂದೇ ನುಡಿಯುತ್ತಿತ್ತು. ನಾನು ಹಾಡುವುದನ್ನು ನಿಲ್ಲಿಸಿದೆ. ಏನು ಮಾಡಬೇಕೆಂದು ಯೋಚಿಸಿ ಮಾಡಿದ್ದಲ್ಲ ಅದು. ಮೈಕಿನಲ್ಲೇ ಕೇಳಿಬಿಟ್ಟೆ.

“ಅವ್ವ, ಏನಾದ್ರೂ ಮಾತಾಡವ್ವ.”

ಅವ್ವ ಆ ಕಡೆ ಈ ಕಡೆ ನೋಡಿದಳು. ತನ್ನ ಸೈನ್ಯದ ಮುಂದೆ ತಾನೇ ನಿಯಮ ಮುರಿಯುವುದು ಹೇಗೆ ಎಂಬ ಸಂಕಟ ಅವಳಿಗೆ.

“ನೀನೇ ತಾನೆ ಬಾಯ್ ಮುಚ್ಕೊಂಡು ಕೂತ್ಕೊ ಅಂತ ಏಳಿದ್ದು,” ಎಂದಳು.

“ತಪ್ಪಾಯ್ತು. ನನಗೆ ಆಡಕ್ಕಾಯ್ತಿಲ್ಲ.”

ಮೈಕಿನಲ್ಲಿ, ವಿಭಾಗದ ಎಲ್ಲರ ಎದುರಿಗೆ, ನನ್ನ ಬಾಯಿಂದ ನಮ್ಮೂರ ಮಾತು ಬಂದಿತ್ತು. ಇಪ್ಪತ್ತೈದು ವರ್ಷ ಎಚ್ಚರದಿಂದ ಹಚ್ಚಿಕೊಂಡಿದ್ದ ಹಕಾರ ಎಲ್ಲಿ ಉದುರಿತೋ ಗೊತ್ತಿಲ್ಲ. ಹೆಂಗಸರ ಸಾಲಿನಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನೊಣದಾಕೆ ಮೂಗು ಉಜ್ಜಿಕೊಂಡಳು. ತಡೆದಿಟ್ಟುಕೊಂಡಿದ್ದ ಕೆಮ್ಮುಗಳೆಲ್ಲ ಒಟ್ಟಿಗೆ ಹೊರಬಂದವು. ಯಾರೋ ನೀರಿನ ಬಾಟಲಿ ಮುಂದಕ್ಕೆ ದಾಟಿಸಿದರು. ಇಷ್ಟೊತ್ತು ಹಾಡಿದ್ದು ಯಾವ ದೇವರ ಮೇಲಿನದು ಎಂದು ಅವ್ವ ಕೇಳಿದಳು. ದೇವಿಯ ಮೇಲಿನದು ಎಂದೆ. ಅದನ್ನು ಮೊದಲೇ ಹೇಳಿದ್ದರೆ ಕೈಯಾದರೂ ಮುಗಿಯುತ್ತಿದ್ದೆವು ಎಂದು ಪಕ್ಕದವಳು ಅಂದಳು. ನೀರು ಕುಡಿದು ಚರಣ ಎತ್ತಿಕೊಂಡೆ. ಮಾತು ತಾನಾಗಿ ಬಂತು. ಶಿರಸ್ತೇದಾರರು ಅವ್ವನ ಕಡೆ ತಿರುಗಿ ನೋಡಿದರು. ಅವಳು ತಲೆಯಾಡಿಸಿ ಅನುಮತಿ ಕೊಟ್ಟಳು. ಆದರೂ ಅವರು ಆಮೇಲೆ ಬಾಯಿ ತೆರೆಯಲಿಲ್ಲ.

ತನಿ ಆವರ್ತನ ಬಂದಾಗ ನಾನು ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ. ಹತ್ತೇ ನಿಮಿಷದಲ್ಲಿ ಮುಗಿಸಿಕೊಡಿ ಎಂದು ಮೃದಂಗದವರಿಗೆ ಮೊದಲೇ ಹೇಳಿದ್ದೆ. ಅವರೂ ಒಪ್ಪಿದ್ದರು. ಆದರೆ ಈ ಹೆಂಗಸರಿಗೆ ತನಿಯಲ್ಲಿ ಎದ್ದು ಹೋಗಬೇಕೆಂಬುದನ್ನು ಯಾರೂ ಕಲಿಸಿರಲಿಲ್ಲ. ಎಲ್ಲರೂ ಮುಂದಕ್ಕೆ ಬಾಗಿ ಅವರ ಕೈಯನ್ನೇ ನೋಡತೊಡಗಿದರು. ಆ ಬೆರಳು ನೋಡೆ, ಈ ಬೆರಳು ನೋಡೆ ಎಂದು ತಮ್ಮತಮ್ಮಲ್ಲೇ ತೋರಿಸಿಕೊಂಡರು. ಅಂಗೈ ಉರಿಯುವುದಿಲ್ಲವೇ ಎಂದು ಒಬ್ಬಳು ಕೇಳಿದಳು. ಮೃದಂಗದವರು ತಮ್ಮ ಜೀವಮಾನದಲ್ಲಿ ತುಂಬಿದ ಸಭೆಗೆ ತನಿ ನುಡಿಸಿದ್ದು ಅದೇ ಮೊದಲಿರಬೇಕು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡರು. ಕಾಫಿ ಕುಡಿದು ವಾಪಸ್ಸು ಬಂದ ನಮ್ಮ ವಿದ್ಯಾರ್ಥಿಗಳು ಮುಕ್ತಾಯ ಇನ್ನೂ ಬಾರದ್ದನ್ನು ಕಂಡು ಬಾಗಿಲಲ್ಲೇ ಗಲಿಬಿಲಿಯಿಂದ ನಿಂತರು.

ನಲವತ್ತು ನಿಮಿಷದ ತನಿ ಮುಗಿದಾಗ ಭವನದ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಮಂಗಳ ಹಾಡುವಷ್ಟರಲ್ಲಿ ಹೆಂಗಸರಿಗೆ ಹಸುಗಳ ನೆನಪು ಬಂತು. ಅರ್ಧ ಜನ ಚಪ್ಪಾಳೆ ತಟ್ಟುತ್ತಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಕಡೆ ಓಡಿದರು. ಬಸ್ಸು ಹೋಗಿಯಾಗಿತ್ತು. ಎರಡು ಗೂಡ್ಸ್ ಆಟೋಗಳಲ್ಲಿ ರೇಷ್ಮೆ ಸೀರೆಗಳನ್ನು ಎತ್ತಿಕಟ್ಟಿ ಹತ್ತಿದರು. ಅವ್ವ ನನ್ನ ಕೆನ್ನೆ ತಟ್ಟಿ, ಮೃದಂಗದವರಿಗೆ ಕೈಗೆ ಹರಳೆಣ್ಣೆ ಹಚ್ಚಿಕೊಳ್ಳಲು ಹೇಳು ಎಂದು ತಿಳಿಸಿ ಹೋದಳು. ಅಂದು ಹೆಮ್ಮಿಗೆಯ ಅಷ್ಟು ಕೊಟ್ಟಿಗೆಗಳಿಂದಲೂ ಹಸುಗಳು ಕೂಗುತ್ತಿದ್ದವಂತೆ.

ತಂಬೂರಿಗೆ ಗವಸು ಹಾಕುತ್ತಿದ್ದಾಗ ಶಿರಸ್ತೇದಾರರು ವೇದಿಕೆಯ ಹತ್ತಿರ ಬಂದರು. ಅವ್ವನ ಪರವಾಗಿ ನಾನು ಕ್ಷಮೆ ಕೇಳಿದೆ. ಅವರು ಅದನ್ನು ಬಿಟ್ಟು, ನನಗೆ ಸುಮ್ಮನಿರಿ ಎಂದು ಕಚೇರಿಗಳಲ್ಲಿ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ಮನೆಯಲ್ಲಿ ಹಾಗೆ ಹೇಳುತ್ತಿದ್ದವಳು ಹೋಗಿ ಆರು ವರ್ಷವಾಯಿತು ಎಂದರು. ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವರು ಯಾಕೆ ಒಂದು ಕಚೇರಿಯನ್ನೂ ತಪ್ಪಿಸುವುದಿಲ್ಲ ಎಂದು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಹಾಗೆಂದು ಅವರು ಬದಲಾಗಲೇನೂ ಇಲ್ಲ. ಮುಂದಿನ ತಿಂಗಳು ವಿಭಾಗದಲ್ಲಿ ಗಾಯಕರು ಕಂಠ ಸರಿ ಮಾಡಿಕೊಳ್ಳುತ್ತಿದ್ದಾಗಲೇ ಒಂದು ಆಹಾ ಬಂತು.

ಮೇಡಂ ತಮ್ಮ ನೋಟ್ ಬುಕ್ಕಿನ ಪುಟಗಳನ್ನು ಹರಿದು ನನಗೆ ಕೊಟ್ಟರು. ನಾನು ಎಲ್ಲಿ ತಡವರಿಸಿದೆ, ಎಲ್ಲಿ ಯಾರ ಮುಖ ನೋಡಿದೆ, ಎಲ್ಲವನ್ನೂ ಹೊತ್ತಿನ ಸಮೇತ ಬರೆದಿದ್ದರು. ಓದಲು ಕಷ್ಟವಾಯಿತು. ಆಮೇಲೆ ನನ್ನ ಪ್ರಬಂಧದಲ್ಲಿ ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆದೆ. ಒಂದರಲ್ಲಿ ಅವ್ವ ವಿದ್ವಾಂಸರಿಗೆ ಹೇಳಿದ ಮಾತನ್ನು ಅವಳ ಮಾತಿನಲ್ಲೇ, ತಿದ್ದದೆ, ಹಾಕಿದೆ. ಇನ್ನೊಂದರಲ್ಲಿ, ಪ್ರತಿಕ್ರಿಯೆಯೇ ಇಲ್ಲದ ಸಭೆಯ ಎದುರು ಚರಣ ಮರೆತ ಗಾಯಕಿಯೊಬ್ಬಳ ವಿಷಯ ಬರೆದೆ. ಗಾಯಕಿ ಯಾರೆಂದು ಬರೆಯಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದೇ ಅಧ್ಯಾಯ ತೆರೆದಿಟ್ಟುಕೊಂಡು, ಆ ಗಾಯಕಿ ಯಾರು ಎಂದು ಕೇಳಿದರು. ನಾನೇ ಸರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ತಮಗೂ ಒಂದು ಸಲ ಹಾಗಾಗಿತ್ತೆಂದು ಹೇಳಿ, ಮುಂದಿನ ಕಾಲು ಗಂಟೆ ಆ ಕಥೆಯನ್ನೇ ಹೇಳಿದರು. ನನಗೆ ಕೇಳಬೇಕಾಗಿದ್ದ ಪ್ರಶ್ನೆಗಳಿಗೆ ಹೊತ್ತು ಉಳಿಯಲಿಲ್ಲ. ಮೇಡಂ ಪಕ್ಕದಲ್ಲಿ ಕೂತು ಮೇಜನ್ನು ನೋಡುತ್ತಿದ್ದರು. ಅವರ ಭುಜ ಅಲುಗುತ್ತಿತ್ತು.

ಹೊರಗೆ ಬಂದು ಮೊದಲು ಅವ್ವನಿಗೆ ಫೋನು ಮಾಡಿದೆ. ಮುಗೀತವ್ವ, ಆಯ್ತು ಎಂದೆ. ಅತ್ತ ಕಡೆ ಕ್ಯಾನುಗಳ ಸದ್ದು. “ಸರಿ ಕಣ್ ಮಗ, ಆಲಾಕ್ಬುಟ್ಟು ಮಾಡ್ತೀನಿ ತಡಿ,” ಎಂದು ಇಟ್ಟಳು. ವಿಭಾಗದ ಮುಂದಿನ ಹೊಂಗೆ ಮರದ ಕಟ್ಟೆಯ ಮೇಲೆ ಕೂತು ಕಾದೆ. ಫೋನು ಬಂದದ್ದು ಒಂದು ಗಂಟೆ ಕಳೆದ ಮೇಲೆ. ಡೈರಿ ಸಾಲಿನಲ್ಲಿದ್ದ ಎಲ್ಲರಿಗೂ ಹೇಳಿ, ಕಾರ್ಯದರ್ಶಿಗೂ ಹೇಳಿ, ಅವರೆಲ್ಲ ಏನೇನಂದರು ಎಂಬುದನ್ನು ನೆನಪಿಟ್ಟುಕೊಂಡು, ಒಬ್ಬೊಬ್ಬರ ಮಾತನ್ನೂ ನನಗೆ ಒಪ್ಪಿಸಿದಳು. ಅಷ್ಟೂ ಮುಗಿಯುವಷ್ಟರಲ್ಲಿ ನನ್ನ ರೈಲು ಹೊರಟುಹೋಗಿತ್ತು.